ಗಾಲಿ ಇಲ್ಲದ ಗಾಡಿಗೆ ವಿಮೆ

ಹಾವೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿಮೆ ಮಾಡಿಸುತ್ತಿದ್ದೇನೆ. ಬೆಂಕಿ, ಕಳವು, ಅಪಘಾತ, ಸಾವು ಇವುಗಳ ಮಾತಾಡದೆ ನಮ್ಮ ಕೆಲಸದಲ್ಲಿ ಒಂದು ಕಪ್ ಚಹಾ ಕೂಡ ಮುಗಿಯುವುದಿಲ್ಲ. ಹೀಗಾಗಿ ವಿಚಿತ್ರ ಪ್ರಸಂಗಗಳು ನನ್ನ ವಿಳಾಸ ಕೇಳಿಕೊಂಡೇ ಬರುತ್ತವೆ. ಆದರೆ ಮೊದಲು ಕೈಕಾಲು ತಣ್ಣಗಾಗಿ, ಆಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂದದ್ದು ಮಾತ್ರ ಒಂದೇ ಗಾಡಿಯ ದೆಸೆಯಿಂದ.

ಎಷ್ಟು ಗಾಲಿ?

ನವರಾತ್ರಿ ಮುಗಿದ ವಾರ. ಮಟಮಟ ಮಧ್ಯಾಹ್ನ, ಕರೆಂಟ್ ಹೋಗಿತ್ತು. ಫ್ಯಾನು ನಿಂತ ಮೇಲೆ ನನ್ನ ಆಫೀಸು ಎಷ್ಟು ನಿಶ್ಶಬ್ದವಾಯಿತೆಂದರೆ ಗೋಡೆಯ ಹಲ್ಲಿ ನಡೆದದ್ದೂ ಕೇಳುತ್ತಿತ್ತು. ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವೇ ಆಗಲಿಲ್ಲ. ತಲೆ ಎತ್ತಿದರೆ ಮೇಜಿನ ಆಚೆ ಒಬ್ಬರು ನಿಂತಿದ್ದರು. ಎತ್ತರದ ಆಳು, ಬಿಳಿ ಮೀಸೆ, ಆ ಸೆಕೆಯಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರು.

"ಗಾಡಿಗೆ ಇನ್ಶೂರೆನ್ಸ್ ಮಾಡಸಬೇಕ್ರಿ ಅಕ್ಕಾರ" ಅಂದರು.

"ಕುಂದ್ರಿ. ಎಷ್ಟು ಗಾಲಿದು?"

"ಒಂದೂ ಇಲ್ರಿ."

ನಾನು ಪೆನ್ನು ಕೆಳಗಿಟ್ಟೆ. "ಯಾವ ರಸ್ತೆ ಮ್ಯಾಲ ಓಡಸ್ತೀರಿ?"

"ರಸ್ತೆ ಇಲ್ಲದ ಕಡೆ."

"ಏನರ ಹೆಚ್ಚುಕಡಿಮಿ ಆದ್ರ ನೋಡಿದವರು ಯಾರರ ಇರ್ತಾರೇನ್ರಿ?"

"ಅಲ್ಲೆ ಯಾರೂ ಇರಂಗಿಲ್ರಿ."

ಇಷ್ಟನ್ನೂ ಅವರು ಕಣ್ಣು ಮಿಟುಕಿಸದೆ ಹೇಳಿದರು. ಜೆರಾಕ್ಸ್ ಕಾಗದ ಕೊಡಲು ಬಂದಿದ್ದ ಪಕ್ಕದ ಅಂಗಡಿಯವನು, ಕಾಗದ ಕೊಡದೆಯೇ ಹಿಂದೆ ಸರಿದು ಮೆಟ್ಟಿಲಿಳಿದ.

ಕುಳಿತು ನೀರು ಕುಡಿದ ಮೇಲೆ ಅವರು ವಿಷಯ ಬಿಡಿಸಿದರು. ಹೊಸರಿತ್ತಿಯವರು, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಅವರ ಜೊತೆ ಕೆಲಸ ಮಾಡಿದ ಗೆಳೆಯ ಹಿಮಾಲಯದ ಒಂದು ಹಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಚಳಿಗಾಲದಲ್ಲಿ ಮೇಲಿನ ಊರುಗಳ ದಾರಿ ಮುಚ್ಚಿದಾಗ ಔಷಧಿಯನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದಲ್ಲಿ ನಡೆದೇ ಹೋಗುತ್ತಾನೆ. ಹಿಂದಿನ ಚಳಿಗಾಲದಲ್ಲಿ ಅವನ ಕಾಲಿನ ಎರಡು ಬೆರಳು ಕೊಳೆತು ತೆಗೆಯಬೇಕಾಯಿತು. ಅದನ್ನು ಕೇಳಿದ ಹವಾಲ್ದಾರರು ಕಚ್ಚಾ ದಾರಿಯಲ್ಲಿ ಓಡುವ ಒಂದು ಹಳೆಯ ಡರ್ಟ್ ಬೈಕ್ ಕೊಂಡು ರಾಣೆಬೆನ್ನೂರಿನ ಮೆಕ್ಯಾನಿಕ್ ಹತ್ತಿರ ಬಿಟ್ಟಿದ್ದರು. ಅವನು ಹಿಂದಿನ ಗಾಲಿ ತೆಗೆದು ಹಲ್ಲಿರುವ ಅಗಲವಾದ ರಬ್ಬರ್ ಪಟ್ಟಾ ಕೂರಿಸಿದ್ದ, ಮುಂದಿನ ಗಾಲಿಯ ಜಾಗದಲ್ಲಿ ಜಾರುವ ಹಲಗೆ. ಹಿಮದ ಮೇಲೆ ಓಡುವ ಗಾಡಿ ತಯಾರಾಗಿತ್ತು. ಆದರೆ ವಿಮೆಯ ಕಾಗದ ಇಲ್ಲದೆ ಅಲ್ಲಿಯ ಚೌಕಿಯವರು ಅದನ್ನು ಘಟ್ಟ ಹತ್ತಿಸಲು ಬಿಡುವುದಿಲ್ಲವಂತೆ.

"ಹಿಮ ಬೀಳೂದ್ರೊಳಗ ಮುಟ್ಟಬೇಕ್ರಿ. ಬಿತ್ತಂದ್ರ ದಾರಿ ಮುಚ್ಚತೈತಿ" ಅಂದರು. ಮಫ್ಲರು ಬಿಗಿ ಮಾಡಿಕೊಂಡು, "ಹಿಮ ಬೀಳೂವಾಗ ಸಪ್ಪಳ ಇರಂಗಿಲ್ರಿ ಅಕ್ಕಾರ. ಬಾಜೂದಾಂವ ಕರದ್ರೂ ಕೇಳಂಗಿಲ್ಲ" ಅಂದರು. ಆ ಸೆಕೆಯಲ್ಲೂ ನಾನು ಸೆರಗು ಹೊದ್ದುಕೊಂಡೆ.

ರಸ್ತೆಯ ವಾಹನದ ವಿಮೆ ಇದಕ್ಕೆ ಸಿಗುವಂತಿರಲಿಲ್ಲ. ಯಂತ್ರ ಎಂದು ಬರೆದು ಅರ್ಜಿ ಕಳಿಸಿದೆ. ಮರುದಿನವೇ ಬೆಂಗಳೂರಿನ ಹೆಡ್ ಆಫೀಸಿನಿಂದ ಒಬ್ಬ ತರುಣ ಅಧಿಕಾರಿಯ ಫೋನು ಬಂತು.

"ಮೇಡಂ, ಗಾಲಿ ಇಲ್ಲ, ರಸ್ತೆ ಇಲ್ಲ, ಸಾಕ್ಷಿ ಇಲ್ಲ ಅಂತ ಬರೆದಿದ್ದೀರಿ. ಅರ್ಜಿದಾರರಾದರೂ ಇದ್ದಾರಾ?"

ಐರಣಿಯ ಉಸುಕಿನ ಮೇಲೆ

ಗಾಡಿ ಓಡುವ ಫೋಟೋ ಬೇಕು ಎಂದರು ಹೆಡ್ ಆಫೀಸಿನವರು. ನಮ್ಮ ಜಿಲ್ಲೆಯಲ್ಲಿ ಹಿಮ ಎಲ್ಲಿಂದ ತರುವುದು? ಮೆಕ್ಯಾನಿಕ್, "ಫಿಕರ್ ಮಾಡಬ್ಯಾಡ್ರಿ ಮೇಡಂ. ಉಸುಕೂ ಹಿಮದಾಂಗನ ಮೆತ್ತಗ ಇರ್ತೈತಿ" ಎಂದು ಧೈರ್ಯ ಹೇಳಿದ.

ಅವನೂ ಹವಾಲ್ದಾರರೂ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ನಸುಕಿನಲ್ಲೇ ಐರಣಿಗೆ ಹೋಗಿ, ತುಂಗಭದ್ರೆಯ ನೀರು ಇಳಿದ ಕಡೆ ಒಂದು ಸುತ್ತು ಓಡಿಸಿ ನೋಡಿದ್ದಾರೆ. ಚೆನ್ನಾಗಿ ಓಡಿತಂತೆ. ಗಾಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿದ್ದ ಟೆಂಪೋಕ್ಕೆ ಮತ್ತೆ ಏರಿಸಿ, ನಾನು ಬರುವವರೆಗೆ ನಾಷ್ಟಾ ಮಾಡೋಣವೆಂದು ಊರೊಳಗೆ ಹೋದರು.

ನಾನು ಬಸ್ಸಿಳಿದು ನದಿಗೆ ಹೋದಾಗ ಮಂಜು ಇನ್ನೂ ನೀರಿನ ಮೇಲೆ ಹರಡಿಕೊಂಡಿತ್ತು. ದಂಡೆಯಲ್ಲಿ ಮೂವತ್ತು ನಲವತ್ತು ಜನ ಉಸುಕನ್ನೇ ನೋಡುತ್ತ ನಿಂತಿದ್ದರು. ನಡುವೆ ನೋಡಿದೆ. ಉಸುಕಿನಲ್ಲಿ ಒಂದು ಮೊಳ ಅಗಲದ ಗುರುತು, ಅದರ ತುಂಬ ಸಾಲಾಗಿ ಅಡ್ಡಗೆರೆಗಳು, ಪಕ್ಕೆಲುಬು ಮೂಡಿಸಿದಂತೆ. ಅದು ಬಯಲಿನಲ್ಲಿ ಎಲ್ಲೋ ಒಮ್ಮೆಲೇ ಶುರುವಾಗಿ, ನೀರಿನ ತನಕ ಹೋಗಿ, ತಿರುಗಿ ಬಂದು ಒಮ್ಮೆಲೇ ಮುಗಿದಿತ್ತು. ಗಾಡಿ ಎಂದು ಗೊತ್ತಿದ್ದ ನನಗೂ ಎದೆ ಡವಗುಟ್ಟಿತು. ಗೊತ್ತಿಲ್ಲದವರ ಗತಿ ಏನು?

ಒಬ್ಬ ಅಜ್ಜಿ ಆಗಲೇ ಆ ಗುರುತಿಗೆ ಅರಿಷಿಣ ಕುಂಕುಮ ಏರಿಸಿ, ಹಾಲು ಎರೆದು, ಕೈಮುಗಿದು ಕೂತಿದ್ದಳು.

ಅಷ್ಟರಲ್ಲಿ ಬಂದ ಮೆಕ್ಯಾನಿಕ್, "ಅಮ್ಮಾ, ಅದು ನಮ್ಮ ಗಾಡಿ ಗುರುತರಿ" ಅಂದ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಗಾಡಿದು ಆಗಿದ್ರ ಗಾಲಿ ಗುರುತು ಎಲ್ಲೈತೋ ತಮ್ಮಾ?"

"ನಮ್ಮ ಗಾಡಿಗೆ ಗಾಲಿನ ಇಲ್ಲಮ್ಮಾ."

"ಕೇಳಿದ್ರೇನ?" ಅಜ್ಜಿ ಜನರ ಕಡೆ ತಿರುಗಿದಳು. "ಅವನ ಹೇಳಾಕತ್ತಾನ, ಗಾಲಿ ಇಲ್ಲಂತ. ಹೊಟ್ಟಿ ಮ್ಯಾಲ ಹೋಗೈತಿ!"

ಜನರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಟೆಂಪೋದ ತಾಡಪತ್ರಿ ಸರಿಸಿ ಗಾಡಿ ತೋರಿಸಿದ ಮೇಲೂ ಅರ್ಧ ಜನ ನಂಬಲಿಲ್ಲ. ನಾನು ಟೇಪು ಹಿಡಿದು ಆ ಗುರುತಿನ ಅಗಲ ಅಳೆದು ಬರೆದುಕೊಳ್ಳುತ್ತಿದ್ದೆ. ಅಜ್ಜಿ ಮೆಲ್ಲಗೆ ಬಂದು ನನ್ನ ಸೆರಗು ಜಗ್ಗಿದಳು.

"ಏನ ಬರಕೊಳ್ಳಾಕತ್ತಿ ಯವ್ವಾ?"

"ಇನ್ಶೂರೆನ್ಸ್‌ಗೆ ಅಜ್ಜಿ."

ಅಜ್ಜಿ ನದಿಯ ಕಡೆ ಭಯದಿಂದ ನೋಡಿ, ಪಿಸುಗುಟ್ಟಿದಳು: "ಇದಕ್ಕ ಮಾಡಬ್ಯಾಡವಾ. ಕಡಿಸಿಕೊಳ್ಳೋ ನಮಗ ಮಾಡು."

ಐದನೆಯ ಕೆಮ್ಮು

ಫೋಟೋ ಸಾಲಲಿಲ್ಲ. ತಂಪಿನಲ್ಲಿ ಎಂಜಿನ್ ಶುರುವಾಗುತ್ತದೋ ಇಲ್ಲವೋ ನೋಡಿ ವರದಿ ಕೊಡಲು ಕಂಪನಿಯಿಂದ ಒಬ್ಬ ಪರೀಕ್ಷಕರು ಬಂದರು. ಕೋಟು, ಟೈ, ಮುಖದಲ್ಲಿ ನಗುವಿನ ಗುರುತಿಲ್ಲ. ನಮ್ಮ ಕಡೆ ತಂಪೆಂದರೆ ಒಂದೇ ಜಾಗ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜ್. ಪರಿಚಯದ ವ್ಯಾಪಾರಿಯೊಬ್ಬರು, ಚೀಲ ಇಳಿಸುವ ಮುಂದಿನ ಕೋಣೆಯಲ್ಲಿ ಐದು ನಿಮಿಷ ಮಾತ್ರ ಎಂದು ಒಪ್ಪಿಕೊಂಡರು.

ಒಳಗೆ ಹೋದವರು ನಾಲ್ವರು: ಹವಾಲ್ದಾರರು, ಮೆಕ್ಯಾನಿಕ್, ಪರೀಕ್ಷಕರು, ನಾನು. ಹೊರಗಿನ ಬಿಸಿಗಾಳಿ ಒಳಗಿನ ಚಳಿಗೆ ತಾಗಿ ಬಾಗಿಲಲ್ಲಿ ಬಿಳಿಯ ಹೊಗೆ ಎದ್ದಿತು. ಬಾಗಿಲು ಮುಚ್ಚಿದಾಗ ಹೊರಗಿನ ಹಮಾಲರ ಕೂಗು, ಲಾರಿಯ ಹಾರ್ನು ಎಲ್ಲ ಕತ್ತರಿಸಿದಂತೆ ನಿಂತವು. ಒಂದೇ ಒಂದು ಬಲ್ಬು. ಗೋಡೆಯೆತ್ತರದ ಚೀಲಗಳು ನಮ್ಮ ಮೇಲೆ ಬಾಗಿ ನೋಡುತ್ತಿರುವಂತೆ ಕಾಣುತ್ತಿದ್ದವು.

ಮೆಕ್ಯಾನಿಕ್ ಗಾಡಿಯನ್ನು ಸ್ಟ್ಯಾಂಡಿಗೆ ಎತ್ತಿ ನಿಲ್ಲಿಸಿ, "ಬಿಸ್ಮಿಲ್ಲಾ" ಎಂದು ಒದ್ದ. ಗಾಡಿ ಗುಡುಗಿತು. ಆದರೆ ಹಿಂದಿನ ಪಟ್ಟಾ ತಿರುಗಿದರೆ ಬೀಸಣಿಕೆಯಂತೆ ಗಾಳಿ ಬೀಸುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ನೆಲದ ಮೇಲಿದ್ದ ಮೆಣಸಿನಕಾಯಿ ಧೂಳೆಲ್ಲ ಒಮ್ಮೆಲೇ ಎದ್ದಿತು. ಬಲ್ಬೇ ಕೆಂಪಾಯಿತು. ಹವಾಲ್ದಾರರು ಕೆಮ್ಮಿದರು. ಮೆಕ್ಯಾನಿಕ್ ಕೆಮ್ಮುತ್ತಲೇ ಎಂಜಿನ್ ಬಂದ್ ಮಾಡಿದ. ನಾನು ಕೆಮ್ಮಿದೆ, ಪರೀಕ್ಷಕರು ಕೆಮ್ಮಿದರು.

ಆಮೇಲೆ ಚೀಲಗಳ ಹಿಂದಿನಿಂದ ಇನ್ನೊಂದು ಕೆಮ್ಮು ಬಂತು.

ಪರೀಕ್ಷಕರು ನನ್ನ ಕೈ ಹಿಡಿದರು. "ಮೇಡಂ, ನಾವೆಷ್ಟು ಜನ?"

"ನಾಲ್ಕು."

"ಕೆಮ್ಮಿದ್ದು ಐದು."

ಮೂಲೆಯಲ್ಲಿದ್ದ ಖಾಲಿ ಗೋಣಿಚೀಲದ ರಾಶಿ ಅಲುಗಾಡಿತು. ನಿಧಾನವಾಗಿ ಮೇಲೆದ್ದಿತು. ಮನುಷ್ಯನ ಎತ್ತರಕ್ಕೆ ನಿಂತಿತು. ತಲೆಯಿದ್ದಲ್ಲಿ ಗೋಣಿ, ಅದರ ಸಂದಿನಲ್ಲಿ ಎರಡು ಕೆಂಪು ಕಣ್ಣು. ಪರೀಕ್ಷಕರು ಕೂಗಿದ ಕೂಗಿಗೆ ಅದೂ ಕೂಗಿತು. ಹೊರಗಿನ ಸೆಕೆ ತಾಳಲಾರದೆ ಒಬ್ಬ ಹಮಾಲ ಯಾರಿಗೂ ಹೇಳದೆ ಒಳಗೆ ಬಂದು ಗೋಣಿ ಹೊದ್ದು ಮಲಗಿದ್ದ. ಎಚ್ಚರವಾಗಿ ನೋಡಿದರೆ ಕೆಂಪು ಹೊಗೆ, ಗಾಲಿ ಇಲ್ಲದ ವಾಹನ, ಅದರ ಸುತ್ತ ಕೆಂಗಣ್ಣಿನ ನಾಲ್ಕು ಆಕೃತಿಗಳು!

ಅವನು ಗೋಡೆಗೆ ಅಂಟಿಕೊಂಡು ಕೈಮುಗಿದ. "ಯಾರ್ರೀ ನೀವು? ಯಮಧರ್ಮನ ಕಡ್ಯಾವ್ರೇನು?"

"ಅಲ್ಲೋ ಮಾರಾಯಾ, ಹೆದರಬ್ಯಾಡ" ಅಂದೆ. "ನಾವು ವಿಮಾ ಕಂಪನಿ ಕಡ್ಯಾವ್ರು."

ಅಲ್ಲಿಯವರೆಗೆ ನಿಂತಾದರೂ ಇದ್ದ. ಅದನ್ನು ಕೇಳಿದವನು ಬಾಗಿಲು ಕಿತ್ತು ಓಡಿದ.

ಮ್ಯಾಲ ಹೋಗ್ಯಾರ

ಪರೀಕ್ಷಕರು ಒಳ್ಳೆಯ ವರದಿಯನ್ನೇ ಬರೆದರು. ಎರಡು ದಿನದಲ್ಲಿ ಪಾಲಿಸಿ ಫೋನಿಗೇ ಬರುತ್ತದೆ ಎಂದು ಹೇಳಿದ್ದರಿಂದ ಹವಾಲ್ದಾರರು ಗಾಡಿಯನ್ನು ಲಾರಿಗೆ ಏರಿಸಿಕೊಂಡು ಹೊರಟೇಬಿಟ್ಟರು.

ಆರನೆಯ ದಿನ ಬೆಂಗಳೂರಿನ ಅಧಿಕಾರಿ ಫೋನ್ ಮಾಡಿದ. ದನಿ ತಗ್ಗಿತ್ತು. "ಮೇಡಂ, ಪಾಲಿಸಿ ತಡೆಹಿಡಿದಿದ್ದೇವೆ. ವಿಚಾರಣೆಗೆ ಅಂತ ಅವರ ಮನೆಗೆ ಫೋನ್ ಮಾಡಿದ್ದೆ. ನಿಮ್ಮ ಗ್ರಾಹಕರು ತೀರಿಕೊಂಡಿದ್ದಾರೆ."

ಹವಾಲ್ದಾರರ ಫೋನಿಗೆ ಮಾಡಿದರೆ ಸಂಪರ್ಕವೇ ಇಲ್ಲ. ಗೆಳೆಯನ ಕಾಲಿಗಾಗಿ ಅಷ್ಟು ಓಡಾಡಿದ ಮನುಷ್ಯ! ಒಂದು ಸೇವಂತಿಗೆ ಮಾಲೆ ತೆಗೆದುಕೊಂಡು ಹೊಸರಿತ್ತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ಹೇಳಿದ ಸಪ್ಪಳವಿಲ್ಲದ ಹಿಮವೇ ಕಣ್ಣ ಮುಂದೆ.

ಮನೆಯ ಮುಂದೆ ಏಳೆಂಟು ಜೊತೆ ಚಪ್ಪಲಿ. ಪಡಸಾಲೆಯಲ್ಲಿ ಹೆಂಗಸರು ದುಂಡಗೆ ಕುಳಿತು, ಮಾತಿಲ್ಲದೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೂ ದುಃಖ ತಡೆಯಲಾಗಲಿಲ್ಲ. ಹವಾಲ್ದಾರರ ಹೆಂಡತಿಯ ಕೈಗೆ ಮಾಲೆ ಕೊಟ್ಟು, "ಹೆಂಗಾತ್ರಿ ವೈನಿ?" ಎಂದು ಅತ್ತೆ.

"ಬೆಳಿ ಭಾಳ ಚೊಲೋ ಬಂದೈತಿ ನೋಡ್ರಿ" ಎನ್ನುತ್ತ ಅವರು ಮುಂದಿನ ರಾಶಿ ತೋರಿಸಿದರು. "ಆದ್ರ ಈ ವರ್ಷದ ಉಳ್ಳಾಗಡ್ಡಿ ಭಾಳ ಘಾಟ ಅದಾವು. ಹೆಚ್ಚಾಕ ಕುಂತವರೆಲ್ಲಾ ಅಳಾಕತ್ತೀವಿ. ನೀವು ಬಾಗಲದಾಗ ಅಳಾಕ ಶುರು ಮಾಡಿದ್ರಲ್ಲ!"

"ಯಜಮಾನ್ರು?"

"ಅರಾಮ ಅದಾರ."

"ಮತ್ತ ಕಂಪನಿಯವರಿಗೆ ಏನ್ ಹೇಳಿದ್ರಿ?"

"ಏನಿಲ್ಲರಿ. ಯಜಮಾನ್ರು ಇದಾರಾ ಅಂತ ಕೇಳಿದಾ. ಇಲ್ಲಪಾ, ಮ್ಯಾಲ ಹೋಗ್ಯಾರ ಅಂದೆ. ಯಾವಾಗ ಅಂದಾ. ಐದು ದಿನಾ ಆತು, ನಾಕ್ ಮಂದಿ ಎತ್ತಿ ಕಳಿಸಿಕೊಟ್ರು ಅಂದೆ. ನಿಮಗೆ ಬಹಳ ದುಃಖ ಆಗಿರಬೇಕು ಅಂದಾ. ದುಃಖ ಎದಕ್ಕಪಾ, ಭಾಳ ದಿವಸದಿಂದ ತಯಾರಿ ಮಾಡಿದ್ರು, ಒಮ್ಮೆ ಹೋಗಿ ಮುಟ್ಟಿದ್ರ ಸಾಕು ಅಂದೆ. ಫೋನ್ ಇಟ್ಟಬಿಟ್ಟಾ ನೋಡ್ರಿ."

ಆಗಲೇ ವೈನಿಯ ಮೊಬೈಲು ರಿಂಗಾಯಿತು. ಹವಾಲ್ದಾರರ ವಿಡಿಯೋ ಕರೆ. ಚೌಕಿಯ ಗೇಟಿನಲ್ಲಿ ತಡೆದು ನಿಲ್ಲಿಸಿದ್ದಾರೆ, ಹಿಮ ಶುರುವಾಗಿದೆ, ವಿಮೆಯ ಕಾಗದ ಎಲ್ಲಿ ಎಂದು ಕೇಳುತ್ತಿದ್ದರು. ನಾನು ತಡಮಾಡದೆ ಅಧಿಕಾರಿಯನ್ನೂ ಅದೇ ಕರೆಗೆ ಸೇರಿಸಿದೆ. ಹವಾಲ್ದಾರರು ಬದುಕಿರುವುದನ್ನು ಕಣ್ಣಾರೆ ನೋಡಲಿ ಎಂದು.

ಪರದೆಯ ತುಂಬ ಬಿಳುಪು. ಅದರ ನಡುವೆ ಬಿಳಿಯ ಹುಬ್ಬು, ಬಿಳಿಯ ಮೀಸೆ, ಒಂದು ಬಿಳಿಚಿದ ಮುಖ. ದನಿ ತುಂಡು ತುಂಡಾಗಿ, ಬಹಳ ದೂರದಿಂದ ಬರುತ್ತಿತ್ತು.

"ಸಾಹೇಬ್ರ… ಇಲ್ಲೆ ಎಲ್ಲಾ ಬೆಳ್ಳಗ ಐತ್ರಿ… ಮಂದಿ ಕಾಣವಲ್ರು… ಕಾಲು ನೆಲಕ್ಕ ಹತ್ತವಲ್ದು… ಕರಕೊಂಡು ಹೋಗಾಕ ಗೆಳೆಯಾ ಬಂದು ನಿಂತಾನ… ಲಗೂ ಕಾಗದಾ ಕಳಸ್ರಿ, ಬಾಗಲಾ ಮುಚ್ಚತಾರ…"

ಕರೆ ಕಡಿದುಹೋಯಿತು. ಐದೇ ನಿಮಿಷದಲ್ಲಿ ಅಧಿಕಾರಿಯಿಂದ ಪಾಲಿಸಿ ಬಂತು. ಹವಾಲ್ದಾರರಿಗೆ ಕಳಿಸಿದೆ. ಮರುದಿನ ಅವರಿಂದ ಒಂದು ಫೋಟೋ: ಗೆಳೆಯ ಔಷಧಿಯ ಚೀಲ ಬೆನ್ನಿಗೇರಿಸಿ ಗಾಡಿಯ ಮೇಲೆ ಕುಳಿತು ನಗುತ್ತಿದ್ದ, ಹಿಂದೆ ಹಿಮದಲ್ಲಿ ಉದ್ದಕ್ಕೆ ಅಗಲವಾದ ಗುರುತು. ಅದನ್ನು ನೋಡಿ ಹೊಸರಿತ್ತಿಯ ವೈನಿ ಈ ಸಲ ಉಳ್ಳಾಗಡ್ಡಿ ಇಲ್ಲದೆಯೇ ಕಣ್ಣೊರೆಸಿಕೊಂಡರಂತೆ.

ಆ ಫೋಟೋವನ್ನು ದಾಖಲೆಗೆಂದು ಅಧಿಕಾರಿಗೂ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹುಡುಗನ ದನಿ ಇನ್ನೂ ನಡುಗುತ್ತಿತ್ತು.

"ಮೇಡಂ, ಹೋಗೋವಾಗ ಮನುಷ್ಯ ಏನೂ ತಗೊಂಡು ಹೋಗಲ್ಲ ಅಂತಾರೆ. ಇವರು ಗಾಡಿ ಸಮೇತ ಹೋಗಿದ್ದಾರಲ್ಲ!"