ಸಮುದ್ರ ದಾಟಿದ ಇಸ್ತ್ರಿಪೆಟ್ಟಿಗೆ

ಇಸ್ತ್ರಿಪೆಟ್ಟಿಗೆ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕಿದ್ದ ಯಜಮಾನರಿಗೆ ಆ ಸುದ್ದಿ ಕೇಳಿದಂದಿನಿಂದ ತಲೆಯೊಳಗೆ ಜೀರುಂಡೆ ಹೊಕ್ಕಂತಾಗಿತ್ತು. ಸುದ್ದಿ ಮುಟ್ಟಿಸಿದವನು ಹಡಗಿನಲ್ಲಿ ಅಡುಗೆ ಮಾಡುವ ಭಾವಮೈದ. "ಭಾವ, ನಿಮ್ಮ ಕಾರ್ಖಾನೆ ಪೆಟ್ಟಿಗೆ ಈ ದೇಶದಲ್ಲಿ ಬರೀ ಸಾವಿರ!" ಎಂದು ಹೊರದೇಶದ ಬಂದರಿನಿಂದ ಫೋನಿನಲ್ಲಿ ಕೂಗಿದ್ದ. ಅದೇ ಪೆಟ್ಟಿಗೆಗೆ ಇವರ ಬೀದಿಯ ಮೂಲೆ ಅಂಗಡಿಯಲ್ಲಿ ಎರಡು ಸಾವಿರ.

ಪಕ್ಕದ ಬೀದಿಯಿಂದ ಒಂದು ಕೊಡ ನೀರು ತರಿಸಿದರೂ ಹೊತ್ತವನಿಗೆ ಕೂಲಿ ಕೊಡಬೇಕು. ಇದೋ ಹಡಗೇರಿ, ಸಮುದ್ರ ದಾಟಿ, ಹಮಾಲರ ಹೆಗಲೇರಿ ಹೋಗುವ ಮಹಾಶಯ. ಇಷ್ಟೆಲ್ಲ ಖರ್ಚು ಮಾಡಿಸಿಯೂ ಬೆಲೆ ಇಳಿಯುತ್ತದೆಂದರೆ ದಾರಿಯಲ್ಲಿ ಸೊರಗಿತೇ?

ಕಾರ್ಖಾನೆಯ ಮೇಸ್ತ್ರಿಯನ್ನು ಕೇಳಿದರು. "ಅಲ್ಲಿ ಹತ್ತು ಕಂಪನಿ ಕಚ್ಚಾಡ್ತವೆ. ಜಾಸ್ತಿ ಹೇಳಿದ್ರೆ ಯಾರೂ ಮುಟ್ಟಲ್ಲ. ಇಲ್ಲಿ ನಾವೊಬ್ಬರೇ. ನೀವು ಕೊಡ್ತೀರಿ, ನಾವು ತಗೋತೀವಿ."

"ನಾನೆಲ್ಲಿ ಕೊಟ್ಟೆ?"

ಮೂಲೆ ಅಂಗಡಿಯವನು ಬಾಡಿಗೆ, ತೆರಿಗೆ ಎಂದು ಗೋಳಾಡಿದ. (ಅಲ್ಲಿನ ಅಂಗಡಿಗಳೇನು ಮರದ ಕೆಳಗಿವೆಯೇ?) ಯಜಮಾನರ ತಲೆ ಇನ್ನಷ್ಟು ಗೋಜಲಾಯಿತು.

ಇತ್ತ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿಯ ಹಳೆಯ ಪೆಟ್ಟಿಗೆ ಕಣ್ಣುಮುಚ್ಚಿತ್ತು. ಸೋಮವಾರಕ್ಕೆ ಶಾಲೆಯ ನಲವತ್ತು ಅಂಗಿ ಹೋಗಬೇಕು. ಒಂದರಲ್ಲಿ ಸುಕ್ಕು ಕಂಡರೂ ಮುಂದಿನ ವರ್ಷದ ಕೆಲಸ ಬೇರೆಯವರಿಗೆ ಎಂದು ದೊಡ್ಡ ಮೇಡಂ ಹೇಳಿಬಿಟ್ಟಿದ್ದರು. ಪಾಪ, ಆಕೆ ಅಂಗಿಗಳನ್ನು ಹಾಸಿಗೆಯಡಿ ಹರಡಿ ಮೇಲೆ ಕೂತು ನೋಡಿದ್ದಳು.

"ರೀ, ಮೂಲೆ ಅಂಗಡಿಯಿಂದ ಒಂದು ತಂದುಬಿಡಿ."

"ನಾನೇ ತಟ್ಟಿ ನೋಡಿ ಕಳಿಸಿದ ಪೆಟ್ಟಿಗೆಗೆ ನಾನೇ ಎರಡರಷ್ಟು ಕೊಡೋದಾ? ಸತ್ತರೂ ಇಲ್ಲ!"

"ನೀವು ಸಾಯೋದು ಬೇಡ, ಅಂಗಿ ಇಸ್ತ್ರಿ ಆದ್ರೆ ಸಾಕು."

"ಶನಿವಾರ ನಿನ್ನ ತಮ್ಮ ಬರ್ತಾನಲ್ಲ, ತರೋಕೆ ಹೇಳಿದೀನಿ."

"ಹೋದ ಸಲ ತರ್ತೀನಿ ಅಂದ ಚಪ್ಪಲಿ ಇನ್ನೂ ಸಮುದ್ರದಲ್ಲೇ ನಡೀತಿದೆ."

ಆದರೆ ಶನಿವಾರ ಸಂಜೆ ಯಜಮಾನರು ಮನೆಗೆ ಬಂದಾಗ ಹೊಚ್ಚಹೊಸ ಪೆಟ್ಟಿಗೆ ಹಬೆಯಾಡುತ್ತಿತ್ತು! ಭಾವಮೈದ ಗೋಡೆ ನೋಡುತ್ತ "ಸಾವಿರ, ಭಾವ" ಎಂದ. ಯಜಮಾನರು ಎಣಿಸಿ ಕೊಟ್ಟು, ಪೆಟ್ಟಿಗೆಯ ಬೆನ್ನು ಸವರಿದರು.

"ನೋಡೇ, ಹೊರದೇಶದ ಗಾಳಿ ಕುಡಿದು ಬಂದದ್ದರ ಹೊಳಪೇ ಬೇರೆ!"

ಹೆಂಡತಿ ತಲೆ ಎತ್ತದೆ ಕಾಲರಿನ ಮೇಲೆ ಪೆಟ್ಟಿಗೆ ಎಳೆದಳು.

ಸೋಮವಾರ ನಲವತ್ತು ಅಂಗಿಯೂ ಸುಕ್ಕಿಲ್ಲದೆ ಶಾಲೆ ಸೇರಿ, ಮುಂದಿನ ವರ್ಷದ ಕೆಲಸವೂ ಖಾತ್ರಿಯಾಯಿತು. ಯಜಮಾನರು ಅಂದು ಕಾರ್ಖಾನೆಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಕುರಿತು ಭಾಷಣವನ್ನೇ ಬಿಗಿದರು. ಬಾಯಿಬಿಟ್ಟು ಕೇಳಿದ ನಾಲ್ವರು ತಮಗೂ ತರಿಸಿರೆಂದು ಸಾವಿರ ಸಾವಿರ ಕೈಗಿಟ್ಟರು. "ನನ್ನ ಮಾತೇ ರಸೀದಿ. ಪೆಟ್ಟಿಗೆ ಬಂತೂಂತ ತಿಳ್ಕೊಳ್ಳಿ" ಎಂದರು ಯಜಮಾನರು.

ಬರುವಾಗ ಮೂಲೆ ಅಂಗಡಿಯವನ ಮುಖಕ್ಕೊಂದಿಷ್ಟು ಮಸಿ ಬಳಿಯೋಣವೆಂದು ಒಳಗೆ ಕಾಲಿಟ್ಟರು. ಇವರು ಬಾಯಿ ತೆರೆಯುವ ಮೊದಲೇ ಅವನು, "ಒಳ್ಳೇದಾಯ್ತು ಬಂದ್ರಿ! ಶನಿವಾರ ನಿಮ್ಮ ಭಾವಮೈದ ಪೆಟ್ಟಿಗೆ ಒಯ್ದ, ಗ್ಯಾರಂಟಿ ಕಾರ್ಡು ಇಲ್ಲೇ ಮರೆತ" ಎಂದು ಚೀಟಿ ನೀಡಿದ.

ಮನೆಗೆ ಬಂದವರೇ ಚೀಟಿಯನ್ನು ಹೆಂಡತಿಯ ಮುಂದೆ ಹಿಡಿದರು.

"ಹೌದು ಕಣ್ರೀ. ಬರೋವಾಗ ಹಡಗು ಆ ಬಂದರಲ್ಲಿ ನಿಲ್ಲಲೇ ಇಲ್ವಂತೆ, ಬರಿಗೈಲಿ ಬಂದ. ಅಂಗಿ ಕಾಯುತ್ತಾ? ಭಾವನ ಹತ್ರ ಸಾವಿರ ಇಸ್ಕೋ, ಮಿಕ್ಕ ಸಾವಿರ ನಾನು ಹಾಕ್ತೀನಿ ಅಂದೆ. ನಿಮಗೂ ಅಗ್ಗ ಆಯ್ತು, ನನಗೂ ಕೆಲಸ ಆಯ್ತು."

ಯಜಮಾನರು ಹೊಲಿಗೆಯಂತ್ರದ ಸ್ಟೂಲನ್ನು ಎಳೆದು ಕೂತರು. ನಾಲ್ವರ ವಿಷಯ ಬಾಯಿಬಿಟ್ಟರು.

"ದುಡ್ಡು ವಾಪಸ್ ಕೊಟ್ಟು ನಿಜ ಹೇಳಿ."

"ಅಷ್ಟು ಭಾಷಣ ಮಾಡಿದ ಮೇಲಾ? ನಾಳೆಯಿಂದ ಗೇಟಿನ ಕಾವಲುಗಾರನೂ ನಗ್ತಾನೆ ಕಣೇ!"

ಬೀರುವಿನಿಂದ ತಮ್ಮ ನಾಲ್ಕು ಸಾವಿರ ತೆಗೆದು ಆ ನಾಲ್ವರ ನಾಲ್ಕು ಸಾವಿರಕ್ಕೆ ಸೇರಿಸಿದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ನಮ್ಮ ಪೆಟ್ಟಿಗೆಯ ಮಿಕ್ಕ ಸಾವಿರ ನೀನು ಹಾಕಿದೆ, ಅವರದ್ದು ನಾನು ಹಾಕ್ತಿದೀನಿ, ಸರಿ. ಆ ಪರದೇಶದವರ ಸಾವಿರ ಯಾರೇ ಹಾಕೋದು?"

ಹೆಂಡತಿ ಹಲ್ಲಿನಿಂದ ದಾರ ಕಡಿದಳು.

"ಇನ್ಯಾರು? ಇಲ್ಲಿ ಎರಡು ಸಾವಿರ ಕೊಡೋರು. ಬೇಗ ಹೋಗ್ರೀ, ಅಂಗಡಿ ಬಾಗಿಲು ಹಾಕ್ತಾನೆ."