ಎಡಕ್ಕೆ ಸುತ್ತುವ ಗ್ರಹಗಳು

ನಮ್ಮ ಸೋದರಮಾವ ಸೂರ್ಯನಾಗಿದ್ದರು ಎಂದರೆ ಹೊಗಳುತ್ತಿದ್ದೇನೆ ಎಂದುಕೊಳ್ಳಬೇಡಿ. ಪ್ರತಿ ಶನಿವಾರ ಬೆಳಿಗ್ಗೆ ಅವರು ನಿಜವಾಗಿಯೂ ಸೂರ್ಯನೇ. ಉಳಿದ ದಿನಗಳಲ್ಲಿ ಸಂತೇಬೆನ್ನೂರಿನ ಮಿಡ್ಲ್ ಸ್ಕೂಲಿನ ಮೇಷ್ಟ್ರು.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಸೌರವ್ಯೂಹದ ಪಾಠವನ್ನು ಪುಸ್ತಕ ನೋಡಿ ಒಪ್ಪಿಸುವುದು ಮಾವನ ಜಾಯಮಾನಕ್ಕೆ ಒಗ್ಗದು. ಶಾಲೆಗೆ ಬಯಲಿರಲಿಲ್ಲವಾದ್ದರಿಂದ ತಮ್ಮ ಮನೆಯಂಗಳದ ನಡುವೆ ಹಿತ್ತಾಳೆ ತಟ್ಟೆಯೊಂದನ್ನು ಎದೆಗೆ ಹಿಡಿದು ನಿಲ್ಲುತ್ತಿದ್ದರು. ನಾವು ಮಕ್ಕಳು ಸುತ್ತಬೇಕು. ಚುರುಕಿನ ಹುಡುಗ ಬುಧ. ತಿಂಡಿಪೋತ ಗುರು. ಭೂಮಿ ನನ್ನ ಗೆಳತಿ. ನಾನು ಅವಳ ಉಪಗ್ರಹ. ಸೂರ್ಯನನ್ನು ಸುತ್ತುವ ಅವಳನ್ನು ನಾನು ಸುತ್ತಬೇಕು, ಅದೂ ಮುಖ ಅವಳ ಕಡೆಗೇ ಇಟ್ಟುಕೊಂಡು! ತಲೆ ತಿರುಗಿ ಬಿದ್ದರೆ ಮಾವ, “ಚಂದ್ರ ಬೀಳಂಗಿಲ್ಲ, ಏಳು” ಎನ್ನುತ್ತಿದ್ದರು.

ಆಗಷ್ಟೇ ಕಂಡುಹಿಡಿದಿದ್ದ ಪ್ಲೂಟೊ ಪಾತ್ರ ದರ್ಜಿಯ ಮಗನದು. ಅವನ ಕಕ್ಷೆ ಅಂಗಳದ ಆಚೆ, ಜಟಕಾ ನಿಲ್ಲುವ ಬೇವಿನ ಮರದ ಹತ್ತಿರ. ಒಂದು ಶನಿವಾರ ಅವನು ಹಾಗೇ ಮನೆಗೆ ಹೋಗಿ ಊಟ ಮಾಡಿ ಮಲಗಿಬಿಟ್ಟ. ನಾವು ಚಾಡಿ ಹೇಳಿದರೆ ಮಾವ, “ಇರ್ಲಿ ಬಿಡ್ರೋ, ಅವನ ಒಂದು ಸುತ್ತು ಮುಗಿಯಾಕೆ ನಮ್ಮ ಆಯಸ್ಸು ಸಾಲಂಗಿಲ್ಲ” ಎಂದು ಹಾಜರಿ ಹಾಕಿದರು.

ಎಲ್ಲ ಚೆನ್ನಾಗಿಯೇ ಇತ್ತು, ಗ್ರಹಗಳು ಯಾವ ಕಡೆಗೆ ಸುತ್ತುತ್ತವೆ ಎಂದು ಮಾವ ಹೇಳುವವರೆಗೆ. ಸೂರ್ಯ ನಮ್ಮ ಎಡಗೈ ಕಡೆಗಿರಬೇಕಂತೆ! ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಿ ಬೆಳೆದ ಕಾಲು ನಮ್ಮವು. ಎಡಕ್ಕಿಟ್ಟುಕೊಂಡು ಸುತ್ತುವುದು ಯಾವಾಗ? ಹೆಣ ಅಂಗಳದಲ್ಲಿರುವಾಗ, ಬಾಯಿಗೆ ಅಕ್ಕಿ ಹಾಕುವಾಗ.

ಅತ್ತೆ ಒಳಗಿಂದ ಸೌಟು ಸಮೇತ ಬಂದರು.

“ಏನ್ರೀ ಇದು? ಬದುಕಿರೋ ಗಂಡನ್ನ ಎಡಕ್ಕೆ ಸುತ್ತಾಕೆ ನಾನು ಬಿಡಂಗಿಲ್ಲ!”

“ಅದು ನನ್ನನ್ನಲ್ಲ ಕಣೇ, ಸೂರ್ಯನ್ನ.”

“ಸೂರ್ಯ ನಿಮ್ಮ ಪಂಚೆ ಉಟ್ಕೊಂಡವ್ನೇನು?”

ಮಾವ ತಮ್ಮ ಪಂಚೆಯನ್ನೊಮ್ಮೆ ನೋಡಿಕೊಂಡು ತಟ್ಟೆ ಇಳಿಸಿದರು.

ಆದರೂ ಸೋಲೊಪ್ಪಲಿಲ್ಲ. ಗ್ರಹಗಳು ಒಮ್ಮೆಯಾದರೂ ಸರಿಯಾದ ದಿಕ್ಕಿನಲ್ಲಿ ಸುತ್ತುವುದನ್ನು ನೋಡಬೇಕು, ಅದೊಂದೇ ಅವರ ಆಸೆ. ಮರುವಾರ ಉಪಾಯ ತಂದರು. ಸೂರ್ಯ ಬಲಗೈಗೇ ಇರಲಿ, ಎಲ್ಲರೂ ಹಿಂದುಹಿಂದಕ್ಕೆ ನಡೆಯಿರಿ! ಶಾಸ್ತ್ರಕ್ಕೂ ಚ್ಯುತಿಯಿಲ್ಲ, ವಿಜ್ಞಾನಕ್ಕೂ. ಅರ್ಧ ಸುತ್ತಿನಲ್ಲಿ ಗುರು ಹೋಗಿ ಮಂಗಳನ ಮೇಲೆ ಕುಳಿತ. ಶನಿಯ ಬಳೆಯಾಗಿದ್ದ ಬುಟ್ಟಿಯ ಅಂಚು ಮುರಿಯಿತು. ಅತ್ತೆ ಹಣೆ ಚಚ್ಚಿಕೊಂಡರು: “ಹೆಂಗೆ ನಡೆದ್ರೂ ಎಡಕ್ಕೇ ಹೋದಂಗಾತು!” ಅಂದಿನಿಂದ ನಮ್ಮ ಸೌರವ್ಯೂಹ ಬಲಕ್ಕೇ ತಿರುಗಿತು.

ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗಲೂ ಬಲಕ್ಕೇ. ಅವರು ನೋಡುವಷ್ಟು ನೋಡಿ, “ಏನ್ರೀ ಮೇಷ್ಟ್ರೇ, ನಿಮ್ಮ ಗ್ರಹಗಳು ಉಲ್ಟಾ ಸುತ್ತುತ್ತಿವೆಯಲ್ಲ?” ಎಂದರು.

ಮಾವ ತಟ್ಟೆ ಇಳಿಸದೆ, “ಹೌದು ಸ್ವಾಮಿ. ಆ ಸೂರ್ಯಂಗೆ ಕೇಳೋರಿಲ್ಲ, ಈ ಸೂರ್ಯಂಗೆ ಮನೇಲಿ ಹೆಂಡ್ತಿ ಅದಾಳೆ” ಎಂದರು. ಸಾಹೇಬರು ಬಾಗಿಲಲ್ಲಿದ್ದ ಸೌಟನ್ನು ನೋಡಿ ಮುಂದಿನ ತರಗತಿ ನೋಡಲು ಶಾಲೆಯ ಕಡೆ ನಡೆದರು.

ನಿವೃತ್ತಿಯಾಗುವವರೆಗೂ ಮಾವ ವರ್ಷವರ್ಷ ಸೂರ್ಯನಾದರು. ವರ್ಷವರ್ಷವೂ ಕೊನೆಗೆ ಅದೇ ಮಾತು: “ನೀವು ಸುತ್ತಿದ್ದು ತಪ್ಪು. ಸರಿಯಾದ್ದು ಇದರ ಉಲ್ಟಾ. ನೆನಪಿಟ್ಕೊಳ್ರಿ.” ಹೇಳುವಾಗ ಒಮ್ಮೆ ಅಡುಗೆಮನೆಯ ಕಡೆ ನೋಡುತ್ತಿದ್ದರು.

ಮಾವ ತೀರಿಕೊಂಡಾಗ ನನಗೂ ಮಕ್ಕಳಾಗಿದ್ದವು. ಅದೇ ಅಂಗಳದ ನಡುವೆ ಅವರನ್ನು ಮಲಗಿಸಿದ್ದರು. ಬುಧ ಹೊನ್ನಾಳಿಯಿಂದ ಬಂದಿದ್ದ, ಗುರು ನ್ಯಾಮತಿಯಿಂದ, ಈಗಲೂ ದಪ್ಪವೇ. ಪ್ಲೂಟೊ ಜಗಳೂರಿನಿಂದ ಬಸ್ಸು ಹಿಡಿದು ಎಲ್ಲರಿಗಿಂತ ತಡವಾಗಿ ಬಂದು, ಬೇವಿನ ಮರದ ಹತ್ತಿರವೇ ನಿಂತು ಅಳುತ್ತಿದ್ದ.

ಪುರೋಹಿತರು, “ಅಕ್ಕಿ ಹಾಕೋರು ಎಡಕ್ಕೆ ಸುತ್ತಿ ಬರ್ರಿ” ಎಂದರು. ಹಿಡಿಯಕ್ಕಿ ಹಿಡಿದ ನಾವು ಯಾರೂ ಕದಲಲಿಲ್ಲ. ಕಾಲಿಗೆ ಅಭ್ಯಾಸವಿರಲಿಲ್ಲ. ಎಲ್ಲರೂ ಅತ್ತೆಯ ಮುಖ ನೋಡಿದೆವು.

ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿ ಮೆಲ್ಲಗೆ ಹೇಳಿದರು:

“ಸುತ್ರಿ. ಅವರು ಹೇಳ್ಕೊಟ್ಟಂಗೇ ಸುತ್ರಿ. ಇವತ್ತು ನಾನೇನೂ ಅನ್ನಂಗಿಲ್ಲ.”