ಹಾಲೇಶಪ್ಪನ ಬಾಯಿಗೆ ಹಿಡಿದ ಬೂಷ್ಟು

“ಈಕಿ ಹಾಕೂ ಖಾರಕ್ಕ ನನ್ನ ಬಾಯಿ ಸುಟ್ಟೈತ್ರಿ ಡಾಕ್ಟ್ರ,” ಎಂದ ಹಾಲೇಶಪ್ಪ.

“ಸುಟ್ಟಿದ್ದು ಕರ್ರಗ ಆಗಬೇಕಲ್ರಿ? ಇವರ ನಾಲಿಗಿ ಬೆಳ್ಳಗಾಗೇತಿ,” ಎಂದಳು ಜಯವ್ವ.

ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆ. ಗಂಡ ಹೆಂಡತಿ ಕುಪ್ಪೇಲೂರಿನಲ್ಲಿ ಬಸ್ಸು ಹತ್ತಿದಾಗ ಶುರುವಾದ ಜಗಳ ರಾಣೆಬೆನ್ನೂರಿನ ದವಾಖಾನೆಯವರೆಗೂ ಬಂದಿತ್ತು. ಬಸ್ಸಿನವರೆಲ್ಲ ಹಾಲೇಶಪ್ಪನ ಪಕ್ಷ. ಅವನು ಉಂಡದ್ದು ಸೇರದೆ ಸೊರಗುತ್ತಿದ್ದುದಕ್ಕೆ ಜಯವ್ವನಿಗೆ ಒಳಗೊಳಗೇ ಹೆದರಿಕೆ. ತನ್ನ ಅಡುಗೆಗೆ ಕೆಟ್ಟ ಹೆಸರು ಬಂತಲ್ಲ ಎಂಬ ಸಿಟ್ಟು ಬೇರೆ.

ಡಾಕ್ಟರು ನಾಲಿಗೆಯ ಬಿಳಿ ಪದರನ್ನು ಒರೆಸಿ ನೋಡಿದರು. ಕೆಳಗೆ ಕೆಂಪಗೆ ಹಸಿಯಾಗಿತ್ತು.

“ಖಾರದ್ದಲ್ರಿ, ಇದು ಬೂಷ್ಟು. ಕ್ಯಾಂಡಿಡಾ ಅಂತಾರ. ಎಲ್ಲಾರ ಬಾಯಾಗೂ ಚೂರು ಇರ್ತೈತಿ. ಸಂದು ಸಿಕ್ಕಾಗ ಹಬ್ಬತೈತಿ.”

“ಉಪ್ಪಿನಕಾಯಿಗೆ ಹಿಡೀತೈತಲ್ರಿ, ಅದ?”

“ಅದರ ಬಳಗ.”

“ಉಪ್ಪಿನಕಾಯಿ ಆಗಿದ್ರ ಚೆಲ್ಲಿ ಬರ್ತಿದ್ದೆ,” ಎಂದಳು ಜಯವ್ವ.

ಯಾವುದಾದರೂ ಗುಳಿಗೆ ನುಂಗಿದ್ದಿರಾ ಎಂದು ಡಾಕ್ಟರು ಕೇಳಿದರು. ಹಾಲೇಶಪ್ಪ ಛಾವಣಿ ನೋಡಿದ. ಕೆಮ್ಮಿಗೆಂದು ಅಂಗಡಿಯಿಂದ ತಾನೇ ತಂದ ಜೋರು ಗುಳಿಗೆಗಳನ್ನು ಅವನು ಕೆಮ್ಮು ಹೋದ ಮೇಲೂ ನುಂಗುತ್ತಿದ್ದುದನ್ನು ಜಯವ್ವ ಹೇಳಿಬಿಟ್ಟಳು. ಆ ಗುಳಿಗೆ ಬೂಷ್ಟನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಕ್ರಿಮಿಗಳನ್ನೂ ಕೊಲ್ಲುತ್ತದೆ ಎಂದರು ಡಾಕ್ಟರು. ಆದರೂ ಇವನು ಇಷ್ಟು ಸೊರಗಿದ್ದೇಕೆ ಎಂಬ ಅವರ ಸಂಶಯ ಹೋಗಲಿಲ್ಲ. ಅವನ ಮೂತ್ರ ತರಿಸಿ, ನೀಲಿ ಔಷಧ ಬೆರೆಸಿ ಕಾಯಿಸಿದರು. ಅದು ಇಟ್ಟಂಗಿ ಬಣ್ಣಕ್ಕೆ ತಿರುಗಿತು.

“ಸಕ್ರಿ ಬ್ಯಾನಿ ಐತ್ರಿ ನಿಮಗ. ಸಕ್ರಿ ಹೆಚ್ಚಾದಲ್ಲೆ ಬೂಷ್ಟಿಗೆ ಹಬ್ಬ.”

“ನಾ ಚಾಕ್ಕ ಸಕ್ರಿ ಹಾಕಿಸಿಕೊಳ್ಳೂದ ಇಲ್ರಿ.”

“ಖರೇ ಐತ್ರಿ. ಬೆಲ್ಲ ಹಾಕಿಸಿಕೊಂತಾರ,” ಎಂದಳು ಜಯವ್ವ.

ಔಷಧ, ಪಥ್ಯ ಎರಡರಿಂದಲೂ ಹತೋಟಿಗೆ ಬರುತ್ತದೆ ಎಂದು ಧೈರ್ಯ ಹೇಳಿ, ಡಾಕ್ಟರು ಅವನ ಬಾಯಿಗೆಲ್ಲ ನೇರಳೆ ಬಣ್ಣದ ಔಷಧ ಬಳಿದರು. ಜಯವ್ವನಿಗೆ ಉಸಿರು ಬಂದಂತಾಯಿತು. ಗೆದ್ದ ಖುಷಿಯಲ್ಲಿ ಚೀಟಿಗೆ ಕೈ ಚಾಚಿದಳು. ಡಾಕ್ಟರು ಚೀಟಿ ಬಿಟ್ಟು ಕೈಯನ್ನೇ ಹಿಡಿದರು. ಬೆರಳ ಸಂದಿಯಲ್ಲಿ ತೊಗಲು ಬೆಳ್ಳಗೆ ನೆನೆದು ಸುಲಿದಿತ್ತು.

“ಇದೂ ಅದ ಬೂಷ್ಟು.”

ಹಾಲೇಶಪ್ಪ ನೇರಳೆ ಬಾಯಿ ತೆರೆದು ನಕ್ಕ. “ನೀ ಯಾವ ಗುಳಿಗಿ ನುಂಗಿದ್ದೀ?”

“ಗುಳಿಗಿ ಅಲ್ರಿ, ನೀರು,” ಎಂದರು ಡಾಕ್ಟರು. “ಮುಸುರಿ ತಿಕ್ಕೂದು, ಅರಿವಿ ಒಗಿಯೂದು ಅಂತ ಕೈ ಒಣಗಾಕ ಬಿಟ್ಟಿಲ್ಲ. ಮುಲಾಮು ಕೊಡ್ತೇನಿ. ಆದ್ರ ವಾಸಿ ಆಗೂತನಕ ನೀರು ಮುಟ್ಟಬ್ಯಾಡ್ರಿ.”

“ಹಂಗಾರ ಮುಸುರಿ ಯಾರು ತಿಕ್ಕಬೇಕ್ರಿ?” ಹಾಲೇಶಪ್ಪನ ನಗು ನಿಂತಿತ್ತು.

ಡಾಕ್ಟರು ಉತ್ತರಿಸುವ ಮೊದಲೇ ಜಯವ್ವ ಸೆರಗು ಸರಿಮಾಡಿಕೊಂಡಳು.

“ಇವರ ಬೂಷ್ಟು ಬಾಯಾಗ ಅಷ್ಟ ಐತಲ್ರಿ? ಕೈ ಎರಡೂ ಗಟ್ಟಿ ಅದಾವು.”